ಹಸಿರು ಚುಕ್ಕೆ ಇದ್ದರೆ ಸಾಕೇ? ಪೊಟ್ಟಣದ ಹಿಂಬದಿಯನ್ನೂ ಓದಿ

ಕಾಸರಗೋಡು: ಗೂಡಂಗಡಿಯಲ್ಲಿ ಚಿಪ್ಸ್ ಕೊಳ್ಳುವ ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಬೆಲೆ ಮತ್ತು ಹಸಿರು ಚುಕ್ಕೆ. ಆ ಚುಕ್ಕೆಯ ಅರ್ಥ ಸಸ್ಯಾಹಾರ ಎಂದಷ್ಟೇ, ಆರೋಗ್ಯಕ್ಕೆ ಒಳ್ಳೆಯದು ಎಂದಲ್ಲ.

ಉಪ್ಪು, ಸಕ್ಕರೆ, ಕೊಬ್ಬಿನ ಲೆಕ್ಕ ಇರುವುದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಇದು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು. ಕನ್ನಡ, ಮಲಯಾಳ ಎರಡನ್ನೂ ಬಲ್ಲ ಹಿರಿಯರಿಗೂ ಪ್ರಯೋಜನವಿಲ್ಲ. ಓದಬಲ್ಲವರು ಶಾಲೆಗೆ ಹೋಗುವ ಮಕ್ಕಳೇ.

ಓದುವುದು ಹೇಗೆ?

ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲಿರುತ್ತದೆ. ಸಕ್ಕರೆ ಮೊದಲಿದ್ದರೆ ಅದೇ ಹೆಚ್ಚು ಎಂದರ್ಥ.

ಉಪ್ಪಿಗಾಗಿ ಸೋಡಿಯಂ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 2,000 ಮಿ.ಗ್ರಾಂ. ಮೀರಬಾರದು. 100 ಗ್ರಾಂಗೆ 800 ಎಂದಿದ್ದರೆ, 50 ಗ್ರಾಂ ಪೊಟ್ಟಣದಲ್ಲೇ 400. ಅಂದರೆ ಮಿತಿಯ ಐದನೇ ಒಂದು ಪಾಲು.

ಪಾನೀಯದಲ್ಲಿ 100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಇದ್ದರೆ, 250 ಮಿ.ಲೀ. ಬಾಟಲಿಯಲ್ಲಿ ಸುಮಾರು ಆರು ಟೀ ಚಮಚ.

ಚಿಲಿ ದೇಶದಲ್ಲಿ ಸಕ್ಕರೆ, ಉಪ್ಪು ಮಿತಿ ಮೀರಿದ ತಿನಿಸಿನ ಮುಂಬದಿಯಲ್ಲೇ ಕಪ್ಪು ಎಚ್ಚರಿಕೆ ಗುರುತು 2016ರಿಂದ ಕಡ್ಡಾಯ. ಇಲ್ಲಿ ಸದ್ಯಕ್ಕೆ ಪೊಟ್ಟಣ ತಿರುಗಿಸಿ, ಮಕ್ಕಳಿಂದಲೇ ಗಟ್ಟಿಯಾಗಿ ಓದಿಸುವುದೇ ದಾರಿ.