ಜೀವವೈವಿಧ್ಯಕ್ಕೂ ಬೇಕು ಅಳತೆಗೋಲು

ಹೊಲದ ಮಣ್ಣಿನಲ್ಲಿ ರಂಜಕ ಎಷ್ಟಿದೆ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲಾಗದು. ಮಣ್ಣು ಪರೀಕ್ಷೆ ಮಾಡಿಸಿದಾಗ ಮಾತ್ರ ಅದು ತಿಳಿಯುತ್ತದೆ. ಹಾಗೆಯೇ ನಾಡಿನ ಸಸ್ಯ, ಪ್ರಾಣಿ, ಪಕ್ಷಿ, ಬೆಳೆ ತಳಿ ಮತ್ತು ಜಾನುವಾರು ತಳಿಗಳ ಸಂಪತ್ತು ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದನ್ನು ಅಂದಾಜಿನಿಂದ ಹೇಳುವುದು ಸರಿಯಲ್ಲ. ಅದಕ್ಕೂ ಅಳತೆ ಬೇಕು. ಈ ಅಳತೆಗಳನ್ನು ಜೀವವೈವಿಧ್ಯ ಸೂಚಕಗಳು ಎಂದು ಕರೆಯುತ್ತಾರೆ. ಇವುಗಳನ್ನು ರೂಪಿಸುವ ಕೆಲಸದಲ್ಲಿ ರೈತರಿಗೂ ಪಾಲಿದೆ.

ಸೂಚಕ ಎಂದರೇನು?

ಒಂದು ದಿನ ಎಷ್ಟು ಮಳೆ ಬಿತ್ತು ಎಂಬುದರಿಂದ ಊರಿನ ಹವಾಮಾನ ತಿಳಿಯುವುದಿಲ್ಲ. ಅದೇ ಜಾಗದಲ್ಲಿ, ಅದೇ ಮಳೆಮಾಪಕದಿಂದ ಹತ್ತಾರು ವರ್ಷ ಅಳೆದಾಗ ಮಾತ್ರ ಮಳೆ ಕಡಿಮೆಯಾಗುತ್ತಿದೆಯೇ ಎಂದು ಹೇಳಬಹುದು. ಜೀವವೈವಿಧ್ಯಕ್ಕೂ ಇದೇ ನಿಯಮ. ಎಲ್ಲ ಜೀವಿಗಳನ್ನೂ ಎಣಿಸುವುದು ಅಸಾಧ್ಯ. ಆದ್ದರಿಂದ ಕೆಲವನ್ನು ಆರಿಸಿಕೊಂಡು, ಒಂದೇ ಸ್ಥಳದಲ್ಲಿ, ಒಂದೇ ಕಾಲದಲ್ಲಿ, ಒಂದೇ ವಿಧಾನದಿಂದ ಮತ್ತೆ ಮತ್ತೆ ಎಣಿಸಲಾಗುತ್ತದೆ. ಒಮ್ಮೆ ಮಾಡಿದ ಎಣಿಕೆ ಬರಿಯ ಪಟ್ಟಿ. ಮರಳಿ ಮಾಡಿದಾಗಲೇ ಅದು ಸೂಚಕವಾಗುತ್ತದೆ.

ರಣಹದ್ದುಗಳು ಕಲಿಸಿದ ಪಾಠ

ಇದರ ಬೆಲೆ ಏನೆಂಬುದಕ್ಕೆ ರಣಹದ್ದುಗಳೇ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಬೇಟೆ ಹಕ್ಕಿಗಳನ್ನು ರಸ್ತೆಗಳ ಉದ್ದಕ್ಕೂ ಎಣಿಸಲಾಗಿತ್ತು. 2000ದಲ್ಲಿ ಎಣಿಕೆಯನ್ನು ಪುನಃ ಮಾಡಿದಾಗ ರಣಹದ್ದುಗಳು ಶೇ. 90ಕ್ಕಿಂತ ಹೆಚ್ಚು ಕುಸಿದಿರುವುದು ಕಂಡುಬಂದಿತು. 2007ರ ವೇಳೆಗೆ, 1992ರಲ್ಲಿ 1000 ಬಿಳಿಬೆನ್ನಿನ ರಣಹದ್ದುಗಳಿದ್ದ ಕಡೆ ಕೇವಲ 1 ಉಳಿದಿತ್ತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವೇ ಕಾರಣವೆಂದು 2004ರಲ್ಲಿ ಪ್ರಕಟವಾಯಿತು. ಔಷಧ ಪಡೆದು ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವು. 2006ರಲ್ಲಿ ಪಶು ಚಿಕಿತ್ಸೆಯಲ್ಲಿ ಇದನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಔಷಧಗಳೂ ನಿಷೇಧಕ್ಕೆ ಒಳಗಾದವು. ಮೆಲಾಕ್ಸಿಕಾಂ ಹದ್ದುಗಳಿಗೆ ಸುರಕ್ಷಿತವಾದ ಬದಲಿ ಔಷಧ.

ಹಳೆಯ ಎಣಿಕೆ ಇರದಿದ್ದರೆ ಕುಸಿತ ಎಷ್ಟೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಎಣಿಕೆಯನ್ನು ನಡುವೆ ಕೆಲವು ವರ್ಷ ಮೊದಲೇ ಮರಳಿ ಮಾಡಿದ್ದರೆ ಇನ್ನಷ್ಟು ಹದ್ದುಗಳು ಉಳಿಯುತ್ತಿದ್ದವೆಂಬುದನ್ನೂ ಮರೆಯಬಾರದು.

ರಾಷ್ಟ್ರಮಟ್ಟದಲ್ಲಿ ನಡೆದಿರುವ ಕೆಲಸ

1992ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಜೀವವೈವಿಧ್ಯ ಒಪ್ಪಂದವನ್ನು ಭಾರತ 1994ರಲ್ಲಿ ಅನುಮೋದಿಸಿತು. 2002ರಲ್ಲಿ ಜೀವವೈವಿಧ್ಯ ಕಾಯಿದೆ ಬಂದಿತು. 2014ರಲ್ಲಿ ದೇಶವು 12 ಗುರಿಗಳನ್ನೂ ಅವುಗಳ ಸೂಚಕಗಳನ್ನೂ ಪ್ರಕಟಿಸಿತು. 2022ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಜಗತ್ತಿನ ರಾಷ್ಟ್ರಗಳು 23 ಗುರಿಗಳನ್ನು ಒಪ್ಪಿಕೊಂಡ ಮೇಲೆ, 2024ರಲ್ಲಿ ಭಾರತವೂ 23 ಗುರಿಗಳ ಹೊಸ ಯೋಜನೆಯನ್ನು ಮುಂದಿಟ್ಟಿತು.

ಸೂಚಕಗಳಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು:

1. ಒತ್ತಡದ ಸೂಚಕ: ಕೀಟನಾಶಕಗಳ ಬಳಕೆ, ಕೆರೆಗಳ ಒತ್ತುವರಿ ಮುಂತಾದವು.
2. ಸ್ಥಿತಿಯ ಸೂಚಕ: ಜೀವಿಗಳು ಮತ್ತು ತಳಿಗಳು ನಿಜವಾಗಿ ಎಷ್ಟು ಉಳಿದಿವೆ ಎಂಬುದು.
3. ಕ್ರಮದ ಸೂಚಕ: ಎಷ್ಟು ಅಭಯಾರಣ್ಯ, ಎಷ್ಟು ಸಮಿತಿ, ಎಷ್ಟು ಕಾನೂನು ಆಯಿತು ಎಂಬುದು.

ಇವುಗಳಲ್ಲಿ ಮೂರನೆಯದು ಸುಲಭ, ಎರಡನೆಯದು ಕಷ್ಟ. ಕಡತದಲ್ಲಿ ಸಮಿತಿಗಳ ಸಂಖ್ಯೆ ಏರಿದೆಯೆಂದ ಮಾತ್ರಕ್ಕೆ ಹೊಲದಲ್ಲಿ ಜೇನ್ನೊಣ ಹೆಚ್ಚಿದೆಯೆಂದು ಅರ್ಥವಲ್ಲ.

ಸ್ಥಿತಿಯನ್ನು ಅಳೆಯುವ ಉತ್ತಮ ಪ್ರಯತ್ನಗಳೂ ನಡೆದಿವೆ. ಬ್ರಿಟನ್ನಿನಲ್ಲಿ ಹೊಲಗಳ ಹಕ್ಕಿಗಳ ಸೂಚ್ಯಂಕವು 1970ರಿಂದ ಈಚೆಗೆ ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಬೇಲಿಸಾಲುಗಳ ನಾಶ, ಬಿತ್ತನೆಯ ಕಾಲದ ಬದಲಾವಣೆ ಮತ್ತು ಕೀಟನಾಶಕಗಳ ಹೆಚ್ಚಳ ಅಲ್ಲಿ ಕಂಡುಬಂದ ಕಾರಣಗಳು. ನಮ್ಮ ದೇಶದಲ್ಲಿ ಹವ್ಯಾಸಿ ಪಕ್ಷಿವೀಕ್ಷಕರ ದಾಖಲೆಗಳಿಂದ 2023ರಲ್ಲಿ 942 ಪ್ರಭೇದಗಳ ವರದಿ ಸಿದ್ಧವಾಯಿತು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿದ್ದವು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೂ ಇಳಿಯುತ್ತಿದೆ. ಆದರೆ ನವಿಲು ಹೆಚ್ಚಿದೆ.

ಸೂಚಕ ದಾರಿ ತಪ್ಪಿಸುವುದೂ ಉಂಟು

ಸರಿಯಾಗಿ ಆರಿಸದ ಅಳತೆ ಅಳತೆಯಿಲ್ಲದಿರುವುದಕ್ಕಿಂತ ಕೆಡುಕು. ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ 1 ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಮರಗಳ ನೆರಳಿರುವ ಯಾವುದೇ ಭೂಮಿ ಅರಣ್ಯ ಹೊದಿಕೆಯೇ. ಹೀಗಾಗಿ ಹತ್ತಾರು ಬಗೆಯ ಕಾಡುಮರಗಳ ನೆರಳಿನ ಕಾಫಿ ತೋಟವೂ, ಸಿಲ್ವರ್ ಓಕ್ ಒಂದನ್ನೇ ನೆಟ್ಟ ತೋಟವೂ ಲೆಕ್ಕದಲ್ಲಿ ಒಂದೇ. ಹಸಿರಿನ ಅಂಕಿ ಇಳಿಯದೆಯೇ ವೈವಿಧ್ಯ ಅಳಿಯಬಹುದು.

ಜಾನುವಾರುಗಳನ್ನೇ ನೋಡಿ. 2012 ಮತ್ತು 2019ರ ಗಣತಿಗಳ ನಡುವೆ ದೇಶದ ಒಟ್ಟು ದನಗಳ ಸಂಖ್ಯೆ ಸುಮಾರು ಶೇ. 1ರಷ್ಟು ಏರಿತು. ಆದರೆ ಬಿಡಿಸಿ ನೋಡಿದರೆ ವಿದೇಶಿ ಮತ್ತು ಮಿಶ್ರತಳಿಗಳು ಸುಮಾರು ಶೇ. 27ರಷ್ಟು ಹೆಚ್ಚಿ, ದೇಶೀ ದನಗಳು ಶೇ. 6ರಷ್ಟು ಇಳಿದಿದ್ದವು. ಹಾಲಿನ ಆದಾಯಕ್ಕಾಗಿ ಮಿಶ್ರತಳಿ ಸಾಕುವುದು ತಪ್ಪಲ್ಲ. ಆದರೆ ಅಮೃತಮಹಲ್, ಹಳ್ಳಿಕಾರ್, ಕೃಷ್ಣಾ ಕಣಿವೆ, ಮಲೆನಾಡು ಗಿಡ್ಡ ಇವುಗಳನ್ನು ತಳಿವಾರು ಎಣಿಸದಿದ್ದರೆ, ಒಂದು ತಳಿ ಕೈತಪ್ಪಿ ಹೋಗುತ್ತಿರುವುದು ಒಟ್ಟು ಅಂಕಿಯಲ್ಲಿ ಕಾಣುವುದೇ ಇಲ್ಲ.

ರೈತರು ಮಾಡಬಹುದಾದದ್ದು

ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ನಗರದ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ದೇಶದಲ್ಲಿ ಇಂಥ ಸಮಿತಿಗಳು 2 ಲಕ್ಷ 70 ಸಾವಿರಕ್ಕೂ ಹೆಚ್ಚಿವೆ. ಈ ದಾಖಲಾತಿ ಒಮ್ಮೆ ಬರೆದು ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ. ಐದು ವರ್ಷಕ್ಕೊಮ್ಮೆ ಅದೇ ರೀತಿಯಲ್ಲಿ ಪುನಃ ತುಂಬಿದರೆ ಅದೇ ದೇಶದ ಅತ್ಯುತ್ತಮ ಸೂಚಕವಾಗಬಲ್ಲದು. ರೈತ ಬಾಂಧವರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ಗ್ರಾಮ ಪಂಚಾಯಿತಿಯಲ್ಲಿ ದಾಖಲಾತಿ ಇದೆಯೇ, ಯಾವ ವರ್ಷದ್ದು ಎಂದು ವಿಚಾರಿಸಿ, ಅದರಲ್ಲಿ ನಿಮ್ಮ ಊರಿನ ತಳಿಗಳ ಹೆಸರಿದೆಯೇ ನೋಡಿ.
2. ಭತ್ತ, ರಾಗಿ, ಜೋಳ, ಅವರೆಗಳ ನಾಟಿ ತಳಿಯ ಹೆಸರನ್ನಷ್ಟೇ ಬರೆಸಿದರೆ ಸಾಲದು. ಎಷ್ಟು ಮನೆಗಳಲ್ಲಿ, ಎಷ್ಟು ಎಕರೆಯಲ್ಲಿ ಬೆಳೆಯುತ್ತಾರೆ ಎಂಬುದನ್ನೂ ಬರೆಸಿ. ನಲವತ್ತು ಮನೆಗಳಲ್ಲಿದ್ದ ತಳಿ ಒಂದೇ ಮನೆಗೆ ಇಳಿದರೂ ಪಟ್ಟಿಯಲ್ಲಿ ಹೆಸರು ಹಾಗೆಯೇ ಇರುತ್ತದೆ. ಆ ಮನೆಯ ಬೀಜ ಒಂದು ಬರಗಾಲಕ್ಕೆ ಹೋದರೆ ತಳಿಯೇ ಹೋದಂತೆ. ಅಂಥ ಬೀಜವನ್ನು ಕೂಡಲೇ ನಾಲ್ಕಾರು ಮನೆಗಳಿಗೆ ಹಂಚಿ.
3. ಪ್ರತಿ ವರ್ಷ ಮುಂಗಾರಿನಲ್ಲಿ, ಹೊಲದ ಗೊತ್ತಾದ ಒಂದೇ ಜಾಗದಲ್ಲಿ ಒಂದು ಅಡಿ ಉದ್ದ, ಅಗಲ, ಆಳದ ಗುಣಿ ತೆಗೆದು ಎರೆಹುಳುಗಳನ್ನು ಎಣಿಸಿ ಬರೆದಿಡಿ.
4. ಕುಂಬಳ, ಸೂರ್ಯಕಾಂತಿ ಹೂವಾದಾಗ, ಬೆಳಗಿನ ಒಂದೇ ಹೊತ್ತಿನಲ್ಲಿ, ಹತ್ತು ಹೂಗಳಿಗೆ ಹತ್ತು ನಿಮಿಷದಲ್ಲಿ ಬರುವ ಜೇನ್ನೊಣಗಳನ್ನು ಎಣಿಸಿ.
5. ಮುಂದಿನ ಜಾನುವಾರು ಗಣತಿಯಲ್ಲಿ ದನದ ತಳಿಯನ್ನು ಸ್ಪಷ್ಟವಾಗಿ ಹೇಳಿ ಬರೆಸಿ.

ಒಂದು ವರ್ಷದ ಏರಿಳಿತ ಕಂಡು ಗಾಬರಿಯಾಗಬೇಕಿಲ್ಲ. ಮಳೆ ಹೆಚ್ಚುಕಡಿಮೆಯಾದರೂ ಸಂಖ್ಯೆ ಬದಲಾಗುತ್ತದೆ. ಐದಾರು ವರ್ಷ ಒಂದೇ ದಿಕ್ಕಿನಲ್ಲಿ ಇಳಿಯುತ್ತಾ ಬಂದರೆ ಕಾರಣ ಹುಡುಕಿ, ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ನಿಮ್ಮ ಲೆಕ್ಕದ ಪುಸ್ತಕದೊಂದಿಗೆ ಹೋಗಿ. ರಾಷ್ಟ್ರದ ಸೂಚಕಗಳು ಕೊನೆಗೂ ಊರುಗಳ ಲೆಕ್ಕದಿಂದಲೇ ಕೂಡಿಬರುವಂಥವು. ಊರಿನ ಲೆಕ್ಕ ಸರಿಯಿಲ್ಲದಿದ್ದರೆ ದೇಶದ ಲೆಕ್ಕವೂ ಸರಿಯಿರಲಾರದು.