ಮಾಮನ ಕ್ಲ್ಯಾನ್, ಮಗನ ಹಳ್ಳಿ, ಉಮ್ಮನ ಫೋನ್

ಮಗ್ರಿಬ್ ಕಳೆದು ಊಟಕ್ಕೆ ಕರೆದರೆ ಮಗ ಬರುವುದಿಲ್ಲ. "ಉಮ್ಮಾ, ಹತ್ತು ನಿಮಿಷ. ವಾರ್ ಮುಗಿಯಲಿಕ್ಕುಂಟು" ಎನ್ನುತ್ತಾನೆ. ಮೊದಮೊದಲು ನನಗೆ ಅರ್ಥವಾಗುತ್ತಿರಲಿಲ್ಲ. ಯಾವ ವಾರ್, ಯಾರ ಮೇಲೆ, ಎಂಥದಕ್ಕೆ? ಇಣುಕಿ ನೋಡಿದರೆ ಫೋನಿನಲ್ಲಿ ಹಸಿರು ಹುಲ್ಲಿನ ನಡುವೆ ಒಂದು ಪುಟ್ಟ ಹಳ್ಳಿ, ಸುತ್ತ ಗೋಡೆ, ಅಲ್ಲಲ್ಲಿ ಫಿರಂಗಿ. ಯಾರೋ ಗಡ್ಡದವರು ಕತ್ತಿ ಹಿಡಿದು ಗೋಡೆಗೆ ಗುದ್ದುತ್ತಿದ್ದರು.

ಆಟದ ಹೆಸರು 'ಕ್ಲ್ಯಾಷ್ ಆಫ್ ಕ್ಲ್ಯಾನ್ಸ್'. ನಮ್ಮ ಮನೆಗಳ ಹುಡುಗರಿಗೆ ಇದನ್ನು ಪರಿಚಯಿಸಬೇಕಿಲ್ಲ. ಪರಿಚಯ ಬೇಕಾಗಿರುವುದು ನಮಗೆ, ಉಮ್ಮಂದಿರಿಗೆ. ಗೊತ್ತಿಲ್ಲದ ವಿಷಯಕ್ಕೆ ಬೈಯುವುದು ಸುಲಭ. ನಾನೂ ಹಾಗೆಯೇ ಬೈದವಳು. ಆ ಬೈಗುಳ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಹೇಳಲಿಕ್ಕಾಗಿಯೇ ಈ ಬರಹ.

ಆಟ ಎಂದರೆ ಎಂಥದು?

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 2010ರಲ್ಲಿ ಹುಟ್ಟಿದ ಸೂಪರ್‌ಸೆಲ್ ಎಂಬ ಕಂಪೆನಿ ಈ ಆಟವನ್ನು 2012ರ ಆಗಸ್ಟ್‌ನಲ್ಲಿ ಐಫೋನಿಗೆ, 2013ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಬಿಟ್ಟಿತು. ಡೌನ್‌ಲೋಡ್ ಮಾಡಲು ಹಣ ಬೇಡ. ಶುರುವಿಗೆ ಒಂದು ಬಡ ಹಳ್ಳಿ ಸಿಗುತ್ತದೆ. ಚಿನ್ನದ ಗಣಿ ಇಡಬೇಕು, 'ಎಲಿಕ್ಸಿರ್' ಎಂಬ ನೇರಳೆ ರಸ ಸಂಗ್ರಹಿಸಬೇಕು, ಅದರಿಂದ ಗೋಡೆ, ಫಿರಂಗಿ, ಸೈನಿಕರ ಬಿಡಾರ ಕಟ್ಟಬೇಕು. ನಡುವೆ 'ಟೌನ್ ಹಾಲ್' ಎಂಬ ಮುಖ್ಯ ಕಟ್ಟಡ. ಅದು ಮೇಲೇರಿದಂತೆ ಹಳ್ಳಿಯ ಅಂತಸ್ತೂ ಏರುತ್ತದೆ.

ಗಣಿಯ ಚಿನ್ನ ಮಾತ್ರ ಸಾಲುವುದಿಲ್ಲ. ಬೇರೆಯವರ ಹಳ್ಳಿಗೆ ದಾಳಿ ಮಾಡಿ ಲೂಟಿ ತರಬೇಕು. ಆ ಹಳ್ಳಿ ಕಂಪ್ಯೂಟರಿನದ್ದಲ್ಲ, ಎಲ್ಲೋ ಕುಳಿತ ಮತ್ತೊಬ್ಬ ಮನುಷ್ಯನದ್ದು. ದಾಳಿಗೆ ಸಿಗುವುದು ಮೂರು ನಿಮಿಷ. ಅರ್ಧ ಹಳ್ಳಿ ಉರುಳಿಸಿದರೆ ಒಂದು ಸ್ಟಾರ್, ಟೌನ್ ಹಾಲ್ ಕೆಡವಿದರೆ ಇನ್ನೊಂದು, ಏನೂ ಉಳಿಸದಿದ್ದರೆ ಮೂರನೆಯದು. ನಾವು ನಿದ್ದೆಯಲ್ಲಿರುವಾಗ ನಮ್ಮ ಹಳ್ಳಿಗೂ ಯಾರಾದರೂ ಬಂದು ಹೋಗಿರುತ್ತಾರೆ. ದೊಡ್ಡ ದಾಳಿಯ ಬಳಿಕ ಕೆಲವು ಗಂಟೆ 'ಶೀಲ್ಡ್' ಸಿಗುತ್ತದೆ, ಅಷ್ಟು ಹೊತ್ತು ಬೇರೆ ಯಾರೂ ಮುಟ್ಟುವಂತಿಲ್ಲ. ಕಟ್ಟಡಗಳು ಮತ್ತೆ ತಾವಾಗಿಯೇ ಎದ್ದು ನಿಲ್ಲುತ್ತವೆ. ಹೋದ ಚಿನ್ನ ಮಾತ್ರ ಹೋಯಿತು.

ಇಷ್ಟೇ ಆಗಿದ್ದರೆ ಹುಡುಗರು ಆರು ತಿಂಗಳಲ್ಲಿ ಬಿಟ್ಟುಬಿಡುತ್ತಿದ್ದರು. ಹಿಡಿದು ನಿಲ್ಲಿಸುವುದು ಕ್ಲ್ಯಾನ್. ಐವತ್ತು ಮಂದಿಯವರೆಗೆ ಸೇರಿ ಒಂದು ಕೂಟ ಮಾಡಿಕೊಳ್ಳಬಹುದು. ಅದಕ್ಕೊಬ್ಬ ಲೀಡರ್, ಕೆಲವರು ಕೋ-ಲೀಡರ್, ಹಿರಿಯ ಸದಸ್ಯರು, ಉಳಿದವರು ಸದಸ್ಯರು. ನಮ್ಮ ಜಮಾಅತ್ ಕಮಿಟಿಯ ಹಾಗೆಯೇ ಎನ್ನಿ! ಒಬ್ಬರಿಗೆ ಸೈನಿಕರು ಬೇಕಾದರೆ ಇನ್ನೊಬ್ಬರು ದಾನ ಕೊಡುತ್ತಾರೆ. 2014ರಲ್ಲಿ 'ಕ್ಲ್ಯಾನ್ ವಾರ್' ಬಂತು. ಸುಮಾರು ಒಂದು ದಿನ ತಯಾರಿ, ಒಂದು ದಿನ ಯುದ್ಧ, ಒಬ್ಬೊಬ್ಬರಿಗೆ ಎರಡು ದಾಳಿ. ಒಬ್ಬ ದಾಳಿ ಮಾಡದೆ ಮಲಗಿದರೆ ಇಡೀ ಕ್ಲ್ಯಾನ್ ಸೋಲಬಹುದು. ನನ್ನ ಮಗ ಊಟ ಬಿಟ್ಟು ಕುಳಿತದ್ದು ಚಿನ್ನಕ್ಕಾಗಿ ಅಲ್ಲ, "ನಿನ್ನಿಂದ ಸೋತೆವು" ಎಂಬ ಮಾತು ಕೇಳಬಾರದೆಂದು.

ದೇರಳಕಟ್ಟೆಯಿಂದ ಜುಬೈಲ್‌ಗೆ

ಅವನ ಕ್ಲ್ಯಾನ್‌ನಲ್ಲಿ ಇಪ್ಪತ್ತೆರಡು ಮಂದಿ. ಅರ್ಧದಷ್ಟು ನಮ್ಮ ಕುಟುಂಬದವರೇ. ದೇರಳಕಟ್ಟೆ, ಉಳ್ಳಾಲ, ಬಿ.ಸಿ. ರೋಡ್‌ನ ಮಕ್ಕಳು, ದುಬೈಯ ಇಬ್ಬರು, ದಮ್ಮಾಮಿನ ಒಬ್ಬ. ಲೀಡರ್ ಜುಬೈಲ್‌ನಲ್ಲಿರುವ ನನ್ನ ತಮ್ಮ, ಮಗನ ಮಾಮ. ಹಿಂದೊಮ್ಮೆ ರಜೆಗೆ ಬಂದಾಗ ಅವನೇ ಮಗನ ಫೋನಿಗೆ ಈ ಆಟ ಹಾಕಿಕೊಟ್ಟದ್ದು.

ಗಲ್ಫ್‌ನಲ್ಲಿ ದುಡಿಯುವವರ ಮನೆಯಲ್ಲಿ ಮಾತುಕತೆ ಹೇಗಿರುತ್ತದೆಂದು ನಿಮಗೆ ಗೊತ್ತು. ಶುಕ್ರವಾರ ಜುಮಾ ಮುಗಿದು ವೀಡಿಯೊ ಕಾಲ್. ಸಲಾಂ, ಆರೋಗ್ಯ, ಊಟ ಆಯ್ತಾ, ಮಳೆ ಉಂಟಾ, ಹಣ ಬಂತಾ. ಫೋನ್ ಕೈಯಿಂದ ಕೈಗೆ ಹೋಗುತ್ತದೆ. ಮಕ್ಕಳು ಎರಡು ಮಾತಾಡಿ ಓಡುತ್ತಾರೆ. ತಮ್ಮ ಯಾವಾಗಲೂ "ಖೈರ್, ಎಲ್ಲಾ ಖೈರ್" ಎನ್ನುತ್ತಾನೆ. ನಾವೂ ಅದನ್ನೇ ಹೇಳುತ್ತೇವೆ.

ಆಟದ ಚಾಟ್‌ನಲ್ಲಿ ಹಾಗಲ್ಲ. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಡ್ಯೂಟಿ ಬಿಟ್ಟು ರೂಮಿಗೆ ಬರುವಾಗ ಇಲ್ಲಿ ಇಶಾ ಕಳೆದಿರುತ್ತದೆ. ಆ ಹೊತ್ತಿಗೆ ಮಾಮ-ಅಳಿಯ ದಿನಾ ಮಾತಾಡುತ್ತಿದ್ದರು. ಯಾವ ಗೋಡೆ ಎತ್ತರಿಸಬೇಕು, ಡ್ರ್ಯಾಗನ್ ಎಲ್ಲಿಂದ ಬಿಡಬೇಕು, ನಡುವೆ "ಪರೀಕ್ಷೆ ಯಾವಾಗ?", "ಇವತ್ತು ಬಿಸಿಲು ಬಹಳ". ನಾನು ಅದನ್ನು ಸಮಯ ಹಾಳು ಎಂದುಕೊಂಡಿದ್ದೆ.

ಮದ್ದಿನಂಗಡಿಯಲ್ಲಿ

ತಮ್ಮ ಹಣ ಕಳಿಸುವುದು ನನ್ನ ಉಮ್ಮನ ಖಾತೆಗೆ. ಉಮ್ಮನಿಗೆ ಫೋನಿನ ಉಸಾಬರಿ ಬೇಡ. ಮೆಸ್ಕಾಂ ಬಿಲ್ ಕಟ್ಟುವುದು, ರೀಚಾರ್ಜ್ ಮಾಡುವುದು, ಗ್ಯಾಸ್ ಬುಕ್ ಮಾಡುವುದು ಎಲ್ಲಾ ನನ್ನ ಮಗನೇ. ಪಿನ್ ನಂಬರ್ ಅವನಿಗೆ ಬಾಯಿಪಾಠ. ಅದನ್ನು ಯಾರೂ ತಪ್ಪೆಂದು ಎಣಿಸಿರಲಿಲ್ಲ. ಮೊಮ್ಮಗ ಅಲ್ವಾ.

ಕಳೆದ ವರ್ಷ ಒಂದು ದಿನ ಉಮ್ಮನ ಬಿಪಿ, ಶುಗರ್ ಮಾತ್ರೆಗೆ ಮದ್ದಿನಂಗಡಿಗೆ ಹೋಗಿದ್ದೆ. ಉಮ್ಮನ ಫೋನಿನಿಂದ ಹಣ ಕಳಿಸಿದರೆ ಹೋಗಲಿಲ್ಲ. ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ. ಮನೆಗೆ ಬಂದು ಲೆಕ್ಕ ತೆಗೆದೆ. ನಾಲ್ಕು ತಿಂಗಳಲ್ಲಿ ಹದಿನಾರು ಬಾರಿ ಸಣ್ಣ ಸಣ್ಣ ಮೊತ್ತ ಆಟಕ್ಕೆ ಹೋಗಿತ್ತು. ಒಟ್ಟು 7,300 ರೂಪಾಯಿ ಚಿಲ್ಲರೆ.

ಇಲ್ಲಿ ಆಟದ ವ್ಯಾಪಾರ ಅರ್ಥ ಮಾಡಿಕೊಳ್ಳಬೇಕು. ಶುರುವಿನಲ್ಲಿ ಒಂದು ಕಟ್ಟಡ ಏರಿಸಲು ನಿಮಿಷಗಳು ಸಾಕು. ಮೇಲಿನ ಹಂತಕ್ಕೆ ಹೋದಂತೆ ಒಂದೇ ಕಟ್ಟಡಕ್ಕೆ ವಾರಕ್ಕಿಂತ ಹೆಚ್ಚು ಕಾಯಬೇಕು. ಕಾಯಲಾಗದವರಿಗೆ 'ಜೆಮ್ಸ್' ಎಂಬ ಹಸಿರು ಹರಳು ಉಂಟು. ಆಟವಾಡಿಯೂ ಸ್ವಲ್ಪ ಸಿಗುತ್ತದೆ, ಹಣ ಕೊಟ್ಟರೆ ಬೇಕಾದಷ್ಟು ಸಿಗುತ್ತದೆ. ಅಂದರೆ ಮಾರಾಟವಾಗುವುದು ಕಾಯುವ ಸಮಯ. ಕೊಟ್ಟ ಹಣ ವಾಪಸ್ ಗೆದ್ದು ಬರುವುದಿಲ್ಲ. ಆಟದಲ್ಲಿ ಬೆಲೆ ಮರೆಮಾಚಿಲ್ಲ, ಒತ್ತುವ ಮೊದಲು ಕಾಣುತ್ತದೆ. ನಮ್ಮ ಮನೆಯ ಮಟ್ಟಿಗೆ ತಪ್ಪು ಆಟ ಮಾಡಿದವರದ್ದಲ್ಲ. ಪಿನ್ ಒಪ್ಪಿಸಿ ಲೆಕ್ಕ ನೋಡದೆ ಕುಳಿತದ್ದು ನಾವು, ಅಮಾನತ್ ಮುರಿದದ್ದು ಅವನು.

ಆ ರಾತ್ರಿ ನಾನು ತಮ್ಮನಿಗೆ ಫೋನ್ ಮಾಡಿ ಸರಿಯಾಗಿ ಬೈದೆ. "ನೀನು ಕಲಿಸಿದ ಆಟ. ನೀನು ಬೆವರು ಸುರಿಸಿ ಕಳಿಸಿದ ಹಣ ಹುಡುಗ ಕಲ್ಲಿಗೆ ಹಾಕಿದ್ದಾನೆ. ನೀನೂ ಎರಡು ತಿಂಗಳಿಂದ ಅರ್ಧ ಕಳಿಸ್ತಿದ್ದಿ, ಅಲ್ಲಿ ಎಂಥ ಮಾಡ್ತಿದ್ದಿ?" ಆಚೆಯಿಂದ ಮಾತೇ ಇಲ್ಲ. "ಆಯ್ತು, ನಾಳೆ ಮಾತಾಡುವಾ" ಎಂದು ಇಟ್ಟುಬಿಟ್ಟ.

ಮಗ ಬಾಗಿಲ ಹತ್ತಿರ ನಿಂತಿದ್ದ. ಅಳುತ್ತಾ ಹೇಳಿದ: "ಉಮ್ಮಾ, ಮಾಮನಿಗೆ ಬೈಬೇಡಿ. ಮಾಮನಿಗೆ ಮೂರು ತಿಂಗಳಿಂದ ಸಂಬಳ ಆಗಲಿಲ್ಲ."

ಕ್ಲ್ಯಾನ್‌ನಲ್ಲಿ ಮಾಮ ವಾರ್‌ಗೆ ಬರುವುದನ್ನು ನಿಲ್ಲಿಸಿದ್ದರಂತೆ. ಲೀಡರ್ ಯಾಕೆ ಇಲ್ಲ ಎಂದು ಹುಡುಗರು ಕೇಳಿದಾಗ, ಕಂಪೆನಿಯಲ್ಲಿ ಸಂಬಳ ನಿಂತಿದೆ, ಡೇಟಾ ಹಾಕಿಲ್ಲ, ಮಸೀದಿಯ ಹತ್ತಿರ ವೈಫೈ ಸಿಕ್ಕಾಗ ಬರುತ್ತೇನೆ ಎಂದು ಬರೆದಿದ್ದರಂತೆ. ಕೆಳಗೆ ಇನ್ನೊಂದು ಸಾಲು, ಮನೆಯಲ್ಲಿ ಹೇಳಬೇಡಿ, ಉಮ್ಮನ ಬಿಪಿ ಏರುತ್ತದೆ ಎಂದು. ಗೆಳೆಯರಿಂದ ಸಾಲ ತೆಗೆದು ಅರ್ಧವಾದರೂ ಕಳಿಸುತ್ತಿದ್ದ.

ಮಗನನ್ನು ಕೇಳಿದೆ: "ಇದು ಗೊತ್ತಿದ್ದೂ ಜೆಮ್ಸ್ ತೆಗೊಂಡೆಯಾ?" ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಒಂದು ಸಲ. ಗೊತ್ತಾದ ಮೇಲೆ ಒಂದು ಸಲ. ಮತ್ತೆ ಇಲ್ಲ" ಎಂದ.

ಹದಿನಾಲ್ಕು ವರ್ಷದ ಹುಡುಗ ಒಂದು ತಿಂಗಳು ಈ ಎರಡನ್ನೂ ಹೊತ್ತು ತಿರುಗಿದ್ದ. ಮಾಮನ ಗುಟ್ಟು ಒಂದು, ತನ್ನ ಕಳ್ಳತನ ಇನ್ನೊಂದು. ನನಗೆ ಎರಡೂ ಕಂಡಿರಲಿಲ್ಲ. ನಾನು ನೋಡಿದ್ದು ಫೋನ್ ಹಿಡಿದ ಕೈ ಮಾತ್ರ.

ಮತ್ತೆ ಏನು ಮಾಡಿದೆವು

ಫೋನ್ ಕಸಿದು ಬೀರುವಿನಲ್ಲಿಡಬೇಕೆಂದು ಮೊದಲು ಅನಿಸಿತು. ತಡೆದವರು ಉಮ್ಮ. "ಅವ ಅಲ್ಲಿ ಒಬ್ಬನೇ. ಇವನ ಹತ್ತಿರವಾದರೂ ಮನಸ್ಸಿನ ಮಾತು ಹೇಳ್ತಾನಲ್ಲ" ಎಂದರು. ಸಂಬಳದ ವಿಷಯ ಕೇಳಿ ಅವರ ಬಿಪಿ ಏರಲಿಲ್ಲ. ಮರುದಿನ ತಾವೇ ಕಾಲ್ ಮಾಡಿ, "ಮೋನೆ, ಈ ತಿಂಗಳು ಕಳಿಸಬೇಡ, ಮೊದಲು ನೀನು ಹೊಟ್ಟೆ ತುಂಬಾ ತಿನ್ನು" ಎಂದರು. ಆಚೆ ನನ್ನ ತಮ್ಮ ಅತ್ತದ್ದು ನಮಗೆಲ್ಲ ಕೇಳಿತು.

ಮಗನಿಗೆ ಶಿಕ್ಷೆ ಇತ್ತು. ಪಿನ್ ಬದಲಾಯಿಸಿದೆವು. ದೊಡ್ಡ ರಜೆಯಲ್ಲಿ ಸಂಬಂಧಿಕರ ದಿನಸಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತು, ಸಿಕ್ಕಿದ್ದನ್ನು ಉಮ್ಮನ ಕೈಗೆ ಕೊಟ್ಟ. ಪೂರ್ತಿ ಇನ್ನೂ ತೀರಿಲ್ಲ. ತಮ್ಮನಿಗೆ ಬೇರೆ ಕಡೆ ಕೆಲಸ ಆಯಿತು, ಅಲ್‌ಹಮ್ದುಲಿಲ್ಲಾಹ್. ಹಳೇ ಸಂಬಳ ಬರಲಿಕ್ಕೆ ಬಾಕಿ ಉಂಟು.

ಮನೆಯವರು ತಿಳಿದಿರಬೇಕಾದದ್ದು

ಈ ಆಟ ಬ್ಯಾನ್ ಆಗಿದೆಯಾ ಎಂದು ಹಲವರು ಕೇಳುತ್ತಾರೆ. ಇಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಇತ್ತು, ಇದು ಇರಲಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆಯುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಅಂಥ ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳಿಗೂ ಇದಕ್ಕೂ ವ್ಯತ್ಯಾಸ ಉಂಟು. ಧರ್ಮದ ದೃಷ್ಟಿಯಲ್ಲಿ ಹೇಗೆ ಎಂಬುದನ್ನು ನಿಮ್ಮ ಉಸ್ತಾದರಲ್ಲಿ ಕೇಳಿ, ಅದು ನನ್ನ ಕೆಲಸವಲ್ಲ. ಆದರೆ ಸುಬುಹಿಗೆ ಏಳದಂತೆ ಮಾಡುವ ಯಾವುದೂ ಮನೆಗೆ ಒಳ್ಳೆಯದಲ್ಲ ಎಂದು ಹೇಳಲು ಉಸ್ತಾದರೇ ಬೇಕಾಗಿಲ್ಲ.

ಪ್ಲೇ ಸ್ಟೋರ್‌ನ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಪಾಸ್‌ವರ್ಡ್ ನಿಮಗೆ ಮಾತ್ರ ಗೊತ್ತಿರಲಿ. ಕೇಳದೆ ಮಕ್ಕಳು ಖರೀದಿಸಿದ್ದು ಕಂಡರೆ ಕೂಡಲೇ, ಸಾಧ್ಯವಾದರೆ 48 ಗಂಟೆಯೊಳಗೆ, ಗೂಗಲ್‌ಗೆ ರೀಫಂಡ್ ಕೋರಿಕೆ ಹಾಕಿ. ನಾವು ತಡ ಮಾಡಿದೆವು. ಬ್ಯಾಂಕಿನ ಮೆಸೇಜನ್ನು ವಾರಕ್ಕೊಮ್ಮೆಯಾದರೂ ಓದಿ.

'ಉಚಿತ ಜೆಮ್ಸ್' ಎಂಬ ಲಿಂಕ್‌ಗಳು ಮೋಸ. ದೊಡ್ಡ ಹಳ್ಳಿಯ ಅಕೌಂಟ್ ಮಾರಾಟಕ್ಕಿದೆ ಎಂದು ಬರುವ ಮಾತುಗಳಿಗೂ ಕಿವಿಗೊಡಬೇಡಿ. ಅಕೌಂಟ್ ಕೊಡುಕೊಳ್ಳುವುದು ಆಟದ ನಿಯಮಕ್ಕೇ ವಿರುದ್ಧ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕ್ಲ್ಯಾನ್‌ನಲ್ಲಿ ಯಾರೆಲ್ಲ ಇದ್ದಾರೆಂದು ಕೇಳಿ. ಕರೆದವರು ಮಾತ್ರ ಸೇರುವಂತೆ ಲೀಡರ್ ಅದನ್ನು ಬದಲಾಯಿಸಬಹುದು. ಮನೆಯ ಮಕ್ಕಳಿರುವ ಕ್ಲ್ಯಾನ್ ಹಾಗೇ ಇದ್ದರೆ ಒಳ್ಳೆಯದು. ಪರೀಕ್ಷೆಗೆ, ರಮಝಾನ್‌ಗೆ ವಾರ್‌ನಿಂದ ಹೊರಗಿರುತ್ತೇನೆ ಎಂದು ಗುರುತು ಹಾಕುವ ಬಟನ್ ಪ್ರತಿಯೊಬ್ಬರಿಗೂ ಉಂಟು. ಒತ್ತಿದರೆ ಆಯಿತು, ಯಾರಿಂದಲೂ ಬೈಗುಳ ಇಲ್ಲ.

ಆಟ ನಿಲ್ಲಿಸಲಿಕ್ಕೇ ಆಗದೆ ಓದು, ನಿದ್ದೆ, ಊಟ ಎಲ್ಲಾ ಕೆಟ್ಟರೆ ಅದು ಹಠವಲ್ಲ, ಕಾಯಿಲೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ 'ಶಟ್' ಎಂಬ ಕ್ಲಿನಿಕ್ ಇದೆ. ಫೋನಿನಲ್ಲೇ ಸಲಹೆ ಬೇಕಾದರೆ ಟೆಲಿ ಮಾನಸ್‌ನ 14416 ಉಚಿತ.

ಈಗ ನಮ್ಮ ಕ್ಲ್ಯಾನ್‌ಗೆ ಇಪ್ಪತ್ತಮೂರನೇ ಸದಸ್ಯೆ ನಾನು. ನನ್ನ ಹಳ್ಳಿ ತೀರಾ ಬಡ, ಗೋಡೆ ಎಲ್ಲೆಂದರಲ್ಲಿ ತೆರೆದಿದೆ. ಶುರುವಿನ ಶೀಲ್ಡ್ ಮುಗಿದ ರಾತ್ರಿಯೇ ಯಾರೋ ಬಂದು ಕೊಳ್ಳೆ ಹೊಡೆದು ಹೋಗಿದ್ದರು. ಬೆಳಿಗ್ಗೆ ಮಗ ನೋಡಿ ನಕ್ಕ. ವಾರ್ ನನಗೆ ಬೇಡ. ನಾನು ಹೋಗುವುದು ಇಶಾ ಕಳೆದು, ಹತ್ತು ನಿಮಿಷಕ್ಕೆ. ತಮ್ಮ ಡ್ಯೂಟಿಯಿಂದ ಬಂದನಾ, ಊಟ ಆಯಿತಾ ಎಂದು ಕೇಳುತ್ತೇನೆ. ಈಗ ಅವನು ಬರೀ "ಖೈರ್" ಎನ್ನುವುದಿಲ್ಲ.