ಕರಿಬೇವಿನ ಚಿಟ್ಟೆ ಮತ್ತು ಅಳಿಯದ ವೈವಿಧ್ಯ

ನಿಮ್ಮ ಶಾಲೆಯ ಅಂಗಳದಲ್ಲಿ ಕರಿಬೇವಿನ ಅಥವಾ ನಿಂಬೆಯ ಗಿಡವಿದೆಯೆ? ಇದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಬಳಿ ಸ್ವಲ್ಪ ಕಾಲ ನಿಂತು ನೋಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಕೋಗಳಿ ನಾಡಿನಂತಹ ಬಯಲುಸೀಮೆಯಲ್ಲೂ ಈ ಗಿಡಗಳನ್ನು ಹುಡುಕಿಕೊಂಡು ಕಪ್ಪು ಚಿಟ್ಟೆಯೊಂದು ಬರುತ್ತದೆ. ಎಳೆಯ ಎಲೆಗಳ ಮೇಲೆ ಒಂದೊಂದೇ ಮೊಟ್ಟೆಯಿಟ್ಟು ಹೋಗುತ್ತದೆ. ಇದರ ಇಂಗ್ಲಿಷ್ ಹೆಸರು ಕಾಮನ್ ಮಾರ್ಮನ್, ವೈಜ್ಞಾನಿಕ ಹೆಸರು ಪೆಪಿಲಿಯೊ ಪಾಲಿಟಿಸ್.

ಈ ಚಿಟ್ಟೆಯ ಗಂಡುಗಳೆಲ್ಲ ಒಂದೇ ಬಗೆ: ಕಪ್ಪು ರೆಕ್ಕೆ, ಹಿಂರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣುಗಳಲ್ಲಿ ಮಾತ್ರ ನಮ್ಮಲ್ಲಿ ಮೂರು ರೂಪಗಳಿವೆ. ಒಂದು ಗಂಡಿನಂತೆಯೇ ಇದೆ. ಇನ್ನೊಂದು ಕಾಮನ್ ರೋಸ್ ಎಂಬ ಬೇರೆಯೇ ಚಿಟ್ಟೆಯನ್ನು ಹೋಲುತ್ತದೆ. ಮೂರನೆಯದು ಕ್ರಿಮ್ಸನ್ ರೋಸ್ ಎಂಬ ಮತ್ತೊಂದನ್ನು ಹೋಲುತ್ತದೆ. ಒಬ್ಬಳೇ ತಾಯಿಯ ಮಕ್ಕಳಲ್ಲೂ ಒಂದಕ್ಕಿಂತ ಹೆಚ್ಚು ರೂಪಗಳು ಕಾಣಿಸಬಹುದು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪರಿಸರಕ್ಕೆ ಹೊಂದಿಕೊಂಡ ಲಕ್ಷಣ ಉಳಿಯುತ್ತದೆ, ಉಳಿದವು ಅಳಿಯುತ್ತವೆ ಎಂದು ನಿಸರ್ಗದ ಆಯ್ಕೆಯ ಪಾಠದಲ್ಲಿ ಹೇಳುತ್ತೇವೆ. ಹಾಗಾದರೆ ಇಷ್ಟು ಕಾಲ ಕಳೆದ ಮೇಲೆ ಅತ್ಯುತ್ತಮವಾದ ಒಂದೇ ರೂಪ ಉಳಿಯಬೇಕಿತ್ತಲ್ಲವೆ? ಮೂರು ಏಕೆ ಉಳಿದಿವೆ?

ವಿರಳವಾಗಿದ್ದರೆ ಲಾಭ

ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್‌ಗಳ ಮರಿಹುಳುಗಳು ಈಶ್ವರಿ ಬಳ್ಳಿಯ ಜಾತಿಯ ಸಸ್ಯಗಳನ್ನು ತಿಂದು ಬೆಳೆಯುತ್ತವೆ. ಆ ಸಸ್ಯದ ವಿಷ ಚಿಟ್ಟೆಯ ಮೈಯಲ್ಲೂ ಉಳಿಯುತ್ತದೆ. ಒಮ್ಮೆ ತಿಂದು ಕಹಿಯುಂಡ ಹಕ್ಕಿ ಆ ಕಪ್ಪು ಕೆಂಪು ಬಣ್ಣವನ್ನು ನೆನಪಿಟ್ಟುಕೊಂಡು ಮುಂದೆ ದೂರವಿರುತ್ತದೆ. ಕರಿಬೇವು ತಿಂದು ಬೆಳೆದ ಮಾರ್ಮನ್‌ನಲ್ಲಿ ಆ ವಿಷವಿಲ್ಲ. ವಿಷದ ಚಿಟ್ಟೆಯ ವೇಷ ತೊಟ್ಟ ಹೆಣ್ಣು ಹಕ್ಕಿಯಿಂದ ಪಾರಾಗುತ್ತದೆ. ಇಂತಹ ಅನುಕರಣೆಯನ್ನು 1862ರಲ್ಲಿ ವಿವರಿಸಿದವನು ಹೆನ್ರಿ ಬೇಟ್ಸ್.

ಆದರೆ ಈ ಮೋಸಕ್ಕೆ ಒಂದು ಮಿತಿಯಿದೆ. ವೇಷಧಾರಿಗಳು ಕಡಿಮೆಯಿದ್ದಾಗ ಹಕ್ಕಿಗೆ ಸಿಗುವ ಕೆಂಪು ಚುಕ್ಕೆಯ ಚಿಟ್ಟೆಗಳಲ್ಲಿ ಹೆಚ್ಚಿನವು ನಿಜವಾಗಿಯೂ ವಿಷವುಳ್ಳವು. ಪಾಠ ಗಟ್ಟಿಯಾಗುತ್ತದೆ. ವೇಷಧಾರಿಗಳು ಹೆಚ್ಚಾದಾಗ ಹಕ್ಕಿಗೆ ರುಚಿಯಾದವೇ ಮತ್ತೆ ಮತ್ತೆ ಸಿಗುತ್ತವೆ. ಆಗ ಎದ್ದು ಕಾಣುವ ಆ ಬಣ್ಣವೇ ಅಪಾಯ ತರುತ್ತದೆ. ಹೀಗೆ ಒಂದು ರೂಪ ಹೆಚ್ಚಿದಂತೆ ಅದರ ಲಾಭ ಕುಗ್ಗುತ್ತದೆ, ವಿರಳವಾದ ರೂಪ ಮೇಲುಗೈ ಪಡೆಯುತ್ತದೆ. ಯಾವುದೂ ಪೂರ್ತಿ ಗೆಲ್ಲುವುದಿಲ್ಲ, ಯಾವುದೂ ಪೂರ್ತಿ ಅಳಿಯುವುದಿಲ್ಲ. ಮೂರೂ ರೂಪಗಳು ಉಳಿಯಲು ಇದೊಂದೇ ಕಾರಣವೆಂದಲ್ಲ. ವೇಷಕ್ಕೆ ದೇಹ ತೆರಬೇಕಾದ ಬೆಲೆಯೂ ಈ ಲೆಕ್ಕದಲ್ಲಿ ಸೇರುತ್ತದೆ.

ಇಷ್ಟು ದೊಡ್ಡ ವ್ಯತ್ಯಾಸದ ಹಿಂದೆ ಎಷ್ಟು ವಂಶವಾಹಿಗಳಿರಬಹುದು? ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ಉತ್ತರ ಪ್ರಕಟಿಸಿದರು. ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿಯ ಬೇರೆ ಬೇರೆ ಆವೃತ್ತಿಗಳು ಈ ವೇಷಗಳನ್ನು ನಿಯಂತ್ರಿಸುತ್ತವೆ. ಗಂಡು ಚಿಟ್ಟೆಗಳಲ್ಲೂ ಈ ಆವೃತ್ತಿಗಳಿರುತ್ತವೆ, ಆದರೆ ಹೊರಗೆ ಕಾಣುವುದಿಲ್ಲ. ಒಂದೇ ಬಗೆಯಾಗಿ ಕಾಣುವ ಗಂಡು ಮುಂದಿನ ಪೀಳಿಗೆಯ ವೈವಿಧ್ಯವನ್ನು ಗುಟ್ಟಾಗಿ ಹೊತ್ತು ತಿರುಗುತ್ತಿರುತ್ತದೆ!

ಮಿಶ್ರವಾಗಿದ್ದರೆ ಲಾಭ

ವೈವಿಧ್ಯ ಉಳಿಯುವ ಎರಡನೆಯ ದಾರಿಯ ಉದಾಹರಣೆ ಮನುಷ್ಯರಲ್ಲೇ ಇದೆ. ಅದು ಕುಡುಗೋಲು ಕಣ ರಕ್ತಹೀನತೆ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದಾಗ ಇದು ಉಂಟಾಗುತ್ತದೆ. ನಮ್ಮ ದೇಶದಲ್ಲಿ ಇದು 1952ರಲ್ಲಿ ನೀಲಗಿರಿಯಲ್ಲಿ ಮೊದಲು ವರದಿಯಾಯಿತು. ಕರ್ನಾಟಕದ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲೂ ಇದೆ.

ಸಾಮಾನ್ಯ ವಂಶವಾಹಿಯನ್ನು 'ಎ' ಎಂದೂ ಬದಲಾದುದನ್ನು 'ಎಸ್' ಎಂದೂ ಕರೆಯೋಣ. ತಂದೆ ತಾಯಿ ಇಬ್ಬರಿಂದಲೂ 'ಎಸ್' ಪಡೆದ ಮಗು ತೀವ್ರ ಕಾಯಿಲೆಗೆ ಒಳಗಾಗುತ್ತದೆ. ಒಬ್ಬರಿಂದ ಮಾತ್ರ ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರು. ಅವರಿಗೆ ಫಾಲ್ಸಿಪಾರಮ್ ಮಲೇರಿಯದ ತೀವ್ರ ರೂಪದಿಂದ ರಕ್ಷಣೆಯೂ ಇದೆ ಎಂದು 1954ರಲ್ಲಿ ಆಲಿಸನ್ ತೋರಿಸಿದ.

ಒಂದು ಲೆಕ್ಕ ಮಾಡಿ ನೋಡೋಣ. ಮಲೇರಿಯದಿಂದ 'ಎಎ' ಮಕ್ಕಳಲ್ಲಿ ನೂರಕ್ಕೆ 10 ಮಂದಿ, ಕಾಯಿಲೆಯಿಂದ 'ಎಸ್‌ಎಸ್' ಮಕ್ಕಳೆಲ್ಲರೂ ಬದುಕುಳಿಯುವುದಿಲ್ಲ ಎಂದು ಭಾವಿಸಿ. ಆಗ 'ಎಸ್'ನ ಪ್ರಮಾಣ 0.1 ÷ (0.1 + 1), ಅಂದರೆ ಸುಮಾರು 0.09ರಲ್ಲಿ ಸ್ಥಿರವಾಗುತ್ತದೆ. ಹಾರ್ಡಿ-ವೈನ್‌ಬರ್ಗ್ ಸೂತ್ರದ ಪ್ರಕಾರ ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು 17 ವಾಹಕರು. ಸಾವಿರಕ್ಕೆ ಸುಮಾರು 8 ಮಕ್ಕಳು ರೋಗಿಗಳು. ಸಮುದಾಯಕ್ಕೆ ಸಿಕ್ಕ ರಕ್ಷಣೆಯ ಬೆಲೆಯನ್ನು ಆ ಎಂಟು ಮಕ್ಕಳು ತೆರುತ್ತಾರೆ. ನಿಸರ್ಗದ ಆಯ್ಕೆಗೆ ಕರುಣೆಯಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ಮಲೇರಿಯ ಕಡಿಮೆಯಾದರೂ 'ಎಸ್' ತಕ್ಷಣ ಮಾಯವಾಗುವುದಿಲ್ಲ. ಅದರ ಬಹುಪಾಲು ಆರೋಗ್ಯವಂತ ವಾಹಕರಲ್ಲಿ ಅಡಗಿರುತ್ತದೆ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ರಕ್ತ ಪರೀಕ್ಷೆ ಮತ್ತು ತಿಳಿವಳಿಕೆ ಮುಖ್ಯ. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಇದನ್ನೇ ಮಾಡುತ್ತಿದೆ.

ಆಯ್ಕೆಯಿಲ್ಲದೆಯೂ ವೈವಿಧ್ಯ

ಎಲ್ಲ ವೈವಿಧ್ಯಕ್ಕೂ ಆಯ್ಕೆಯೇ ಕಾರಣವಲ್ಲ. 1966ರಲ್ಲಿ ಲೆವಾಂಟಿನ್ ಮತ್ತು ಹಬ್ಬಿ ಹಣ್ಣಿನ ನೊಣದ ಪ್ರೋಟೀನುಗಳನ್ನು ಪರೀಕ್ಷಿಸಿದಾಗ ಯಾರೂ ನಿರೀಕ್ಷಿಸದಷ್ಟು ವ್ಯತ್ಯಾಸ ಕಂಡಿತು. ಅಣುಮಟ್ಟದ ಇಂತಹ ವ್ಯತ್ಯಾಸಗಳಲ್ಲಿ ಹೆಚ್ಚಿನವು ಲಾಭವನ್ನೂ ನಷ್ಟವನ್ನೂ ತರದ ತಟಸ್ಥ ಬದಲಾವಣೆಗಳು ಎಂದು 1968ರಲ್ಲಿ ಕಿಮುರಾ ವಾದಿಸಿದ. ಉತ್ಪರಿವರ್ತನೆ ಹೊಸದನ್ನು ಸೇರಿಸುತ್ತಿರುತ್ತದೆ, ಆಕಸ್ಮಿಕ ಕೆಲವನ್ನು ಅಳಿಸುತ್ತಿರುತ್ತದೆ.

ಈ ಆಕಸ್ಮಿಕ ನಷ್ಟಕ್ಕೆ ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಸಂತಾನದಲ್ಲಿ ಪಾಲ್ಗೊಳ್ಳುವ ಜೀವಿಗಳ ಸಂಖ್ಯೆ ಎನ್ ಆದರೆ, ಪ್ರತಿ ಪೀಳಿಗೆಯಲ್ಲೂ ವೈವಿಧ್ಯದ 1/2ಎನ್ ಭಾಗ ಕಳೆದುಹೋಗುತ್ತದೆ. 500 ಜೀವಿಗಳಿದ್ದರೆ ಸಾವಿರಕ್ಕೆ ಒಂದು ಪಾಲು. ಹತ್ತೇ ಇದ್ದರೆ ನೂರಕ್ಕೆ ಐದು ಪಾಲು.

ಈ ಲೆಕ್ಕ ನಮ್ಮ ಸೀಮೆಗೂ ಅನ್ವಯಿಸುತ್ತದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ 2013ರಲ್ಲಿ ಕರಡಿಧಾಮವಾಯಿತು. 1994ರಲ್ಲಿ ಘೋಷಿತವಾದ ದರೋಜಿ ಧಾಮವೂ ಬಹಳ ದೂರವಿಲ್ಲ. ನಡುವೆ ಹೊಲ, ಊರು, ರಸ್ತೆಗಳಿವೆ. ಕುರುಚಲು ಕಾಡು, ಬಂಡೆಗುಡ್ಡಗಳ ಮೂಲಕ ಕರಡಿಗಳು ಓಡಾಡುವಂತಿದ್ದರೆ ಎರಡೂ ಕಡೆಯವು ಒಂದೇ ದೊಡ್ಡ ಜೀವಿಸಂದಣಿಯಂತೆ ಉಳಿಯುತ್ತವೆ. ದಾರಿ ಮುಚ್ಚಿದರೆ ಅವು ಎರಡು ಸಣ್ಣ ಗುಂಪುಗಳಾಗುತ್ತವೆ. ಕರಡಿಗಳ ಸಂಖ್ಯೆ ಅಷ್ಟೇ ಇದ್ದರೂ ವೈವಿಧ್ಯ ಸದ್ದಿಲ್ಲದೆ ಸೋರಿಹೋಗುತ್ತದೆ. ನಾಳೆ ಹೊಸ ರೋಗವೊಂದು ಬಂದಾಗ ಅದನ್ನು ಎದುರಿಸಬಲ್ಲ ವಂಶವಾಹಿ ಅಲ್ಲಿ ಇಲ್ಲದೆ ಹೋಗಬಹುದು. ಆದ್ದರಿಂದ ಧಾಮದಷ್ಟೇ ಅದರ ನಡುವಿನ ದಾರಿಯೂ ಮುಖ್ಯ.

ನೀವೇ ಮಾಡಿ ನೋಡಿ

ಮಳೆಗಾಲದ ನಂತರ ಶಾಲೆಯ ಸುತ್ತ ವಾರಕ್ಕೊಮ್ಮೆ ಒಂದು ಗಂಟೆ ಚಿಟ್ಟೆಗಳನ್ನು ಎಣಿಸಿ. ರೋಸ್ ಚಿಟ್ಟೆಯ ಮೈ ಕೆಂಪು. ವೇಷಧಾರಿ ಮಾರ್ಮನ್‌ನ ಮೈ ಕಪ್ಪು. ಇಷ್ಟು ತಿಳಿದರೆ ಗುರುತಿಸುವುದು ಸುಲಭ. ಗಂಡಿನಂತಹ ಹೆಣ್ಣನ್ನು ಮೊಟ್ಟೆಯಿಡುವಾಗ ಗುರುತಿಸಬಹುದು. ಅಸಲಿ ಎಷ್ಟು, ವೇಷಧಾರಿ ಎಷ್ಟು, ಗಂಡಿನಂತಹ ಹೆಣ್ಣು ಎಷ್ಟು ಎಂದು ಪಟ್ಟಿ ಮಾಡಿ. ಕೆಲವು ವರ್ಷ ಮುಂದುವರಿಸಿದರೆ ಅಸಲಿಯ ಸಂಖ್ಯೆ ಬದಲಾದಂತೆ ವೇಷಧಾರಿಯ ಪ್ರಮಾಣವೂ ಬದಲಾಗುತ್ತದೆಯೆ ಎಂದು ಪರಿಶೀಲಿಸಬಹುದು. ಬೇಲಿಯಲ್ಲಿ ಈಶ್ವರಿ ಬಳ್ಳಿ ಕಂಡರೆ ಕಳೆಯೆಂದು ಕೀಳಬೇಡಿ. ಆ ಬಳ್ಳಿ ಹೋದರೆ ಅಸಲಿ ಹೋಗುತ್ತದೆ; ಅಸಲಿ ಹೋದರೆ ಕರಿಬೇವಿನ ಚಿಟ್ಟೆಯ ವೇಷಕ್ಕೂ ಅರ್ಥ ಉಳಿಯುವುದಿಲ್ಲ.